ಪರದೇಶಕ್ಕೆ ಪಾರ್ಸೆಲ್: ಕಟ್ಟುವವರು ಇಲ್ಲಿ, ಉತ್ತರ ಕೊಡುವವರು ಅಲ್ಲಿ

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ಪಾರ್ಸೆಲ್ ಕಟ್ಟುವ ಗಡಿಬಿಡಿ ಇದ್ದದ್ದೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮುಗಿಯುತ್ತಲೇ ಆಶೀರ್ವದಿಸಿದ ತೆನೆಯ ಕಾಳುಗಳು ಲಕೋಟೆ ಸೇರಿ ದುಬಾಯಿಗೋ ಮೆಲ್ಬರ್ನಿಗೋ ಹೊರಡುತ್ತವೆ. ಡಿಸೆಂಬರ್ ಹತ್ತಿರವಾದರೆ ಕುಸ್ವಾರಿನ ಡಬ್ಬಗಳು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ; ಡಬ್ಬದ ಸಂದಿಯಲ್ಲಿ ಒಂದು ಪೊಟ್ಟಣ ಬಾಫಾತ್ ಪುಡಿ, ಒಂದಿಷ್ಟು ಒಣಮೀನು, ಮೊಮ್ಮಗುವಿಗೆ ಅಂಗಿ, ಮಗನ ಬೆನ್ನುನೋವಿಗೆ ಇಲ್ಲಿಯ ಡಾಕ್ಟರು ಬರೆದುಕೊಟ್ಟ ಮಾತ್ರೆ. ಅಂಚೆ ಕಚೇರಿಯಲ್ಲೋ ಕೊರಿಯರ್ ಅಂಗಡಿಯಲ್ಲೋ ತೂಕ ಮಾಡಿಸಿ, ಹಣ ಕಟ್ಟಿ, ರಸೀದಿಯನ್ನು ಪರ್ಸಿಗೆ ಹಾಕಿಕೊಂಡರೆ ನಮ್ಮ ಕೆಲಸ ಮುಗಿಯಿತು. ಆಚೆ ಕಡೆಯವರ ಕೆಲಸ ಅಲ್ಲಿಂದ ಶುರು.

ನಮಗೆ ಪರಿಚಯದ ಒಂದು ಮನೆಯ ಸಂಗತಿ ಇದು. ಮಗ ಗಲ್ಫ್ ದೇಶವೊಂದರಲ್ಲಿ ಹನ್ನೊಂದು ವರ್ಷಗಳಿಂದ ಒಂದೇ ಕಂಪೆನಿಯಲ್ಲಿ ದುಡಿಯುತ್ತಿದ್ದಾನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಪಾಯಸ ಮಾಡಲೆಂದು ತಾಯಿ ಪಾರ್ಸೆಲಿನೊಳಗೆ ಕಾಲು ಕಿಲೋ ಗಸಗಸೆ ಇಟ್ಟಿದ್ದರು. ಕೊರಿಯರ್ ಅಂಗಡಿಯವ “ತಿಂಡಿ ತಾನೇ, ಹೋಗುತ್ತದೆ” ಎಂದಿದ್ದ. ವಾರ ಕಳೆದು ಮಗನಿಗೆ ಫೋನು ಬಂತು, ಗುರುತಿನ ಚೀಟಿಯೊಂದಿಗೆ ಬನ್ನಿ ಎಂದು. ರಜೆ ಹಾಕಿ ಹೋದವನು ಸಂಜೆಯವರೆಗೆ ಒಂದು ಕೋಣೆಯಲ್ಲಿ ಕುಳಿತ. ಎದುರಿಗೆ ಬಿಚ್ಚಿಟ್ಟ ಪಾರ್ಸೆಲ್, ಪಕ್ಕದಲ್ಲಿ ಅವನಿಗೆ ಓದಲು ಬಾರದ ಅರಬ್ಬಿ ಕಾಗದಗಳು. ಅಧಿಕಾರಿ ಒಳ್ಳೆಯವರಿದ್ದರೆಂದು ಕಾಣುತ್ತದೆ. ಹೇಳಿಕೆ ಬರೆಸಿಕೊಂಡು, ಗಸಗಸೆಯನ್ನು ನಾಶಪಡಿಸುವುದಾಗಿ ಹೇಳಿ, ಅವನನ್ನು ಮನೆಗೆ ಕಳುಹಿಸಿದರು. ರಾತ್ರಿ ಫೋನಿನಲ್ಲಿ ರೇಗಿದ ಮಗನಿಗೆ ತಾಯಿ ಕೇಳಿದ್ದು ಒಂದೇ ಮಾತು: “ಅಂಗಡಿಯಲ್ಲಿ ಹಣ ಕೊಟ್ಟು ತಂದದ್ದು ಪುತಾ, ಕದ್ದದ್ದಲ್ಲವಲ್ಲ?”

ಆ ತಾಯಿಯ ಪ್ರಶ್ನೆಯಲ್ಲಿ ತಪ್ಪೇನಿದೆ? ಏನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಪಾರ್ಸೆಲಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಇಲ್ಲಿ ಇದ್ದೇವೆ. ಆ ದೇಶದ ಕಾನೂನು ಅನ್ವಯಿಸುವುದು ಅಲ್ಲಿರುವವನಿಗೆ. ಪಾರ್ಸೆಲಿನ ಮೇಲಿರುವುದು ಅವನ ಹೆಸರು, ಅವನ ಫೋನ್ ಸಂಖ್ಯೆ, ಅವನ ವಿಳಾಸ. ಕಸ್ಟಮ್ಸ್ ಅಧಿಕಾರಿಗೆ ಬೇಕಾಗಿರುವುದು ಅವನ ಎಮಿರೇಟ್ಸ್ ಐಡಿ, ಇಲ್ಲವೇ ಇಕಾಮಾ, ಇಲ್ಲವೇ ಸಿವಿಲ್ ಐಡಿ. ಬಜಪೆಯಲ್ಲೋ ಕಲ್ಯಾಣಪುರದಲ್ಲೋ ಕುಳಿತು ಕಟ್ಟಿದವರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆದುದರಿಂದ ಈ ವಿಚಾರವನ್ನು ತಿಳಿದುಕೊಳ್ಳಬೇಕಾದವರು ಪರದೇಶದಲ್ಲಿರುವವರು ಮಾತ್ರವೆಂದು ನಾವು ತಿಳಿದರೆ ಅದು ನಮ್ಮ ತಪ್ಪು.

ಗಸಗಸೆಯಿಂದಲೇ ಶುರುಮಾಡೋಣ. ಗಸಗಸೆ ಬರುವುದು ಅಫೀಮು ಬರುವ ಗಿಡದಿಂದಲೇ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯೊಂದಿಗೆ ಅದನ್ನು ಬೆಳೆಸುತ್ತಾರೆ. 1985ರ ನಮ್ಮ ಮಾದಕ ವಸ್ತು ಕಾಯಿದೆ ಆ ಗಿಡದ ಬೇರೆಲ್ಲ ಭಾಗಗಳನ್ನು ಹಿಡಿದಿಟ್ಟು ಬೀಜವನ್ನು ಮಾತ್ರ ಹೊರಗೆ ಬಿಟ್ಟಿದೆ. ಆದುದರಿಂದಲೇ ಅದು ನಮ್ಮ ದಿನಸಿ ಅಂಗಡಿಯಲ್ಲಿ ಗೋಡಂಬಿಯ ಪಕ್ಕದಲ್ಲಿ ಕುಳಿತಿರುತ್ತದೆ. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಕತಾರ್‌ಗಳ ಕಾನೂನು ಹಾಗೆ ಬೇರ್ಪಡಿಸುವುದಿಲ್ಲ. ಅಲ್ಲಿ ಬೀಜವೂ ನಿಷಿದ್ಧ. ಸಿಂಗಾಪುರದಲ್ಲಿಯೂ ಮಾದಕ ವಸ್ತು ಇಲಾಖೆಯ ಒಪ್ಪಿಗೆಯಿಲ್ಲದೆ ತರುವಂತಿಲ್ಲ. 2008ರಲ್ಲಿ ಒಂದು ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಲಂಡನ್ ವಿಮಾನ ನಿಲ್ದಾಣದಲ್ಲಿ ತಿಂದ ಬನ್ನಿನಿಂದ ಉದುರಿದ ಮೂರು ಗಸಗಸೆ ಕಾಳುಗಳು ಬಟ್ಟೆಯ ಮೇಲೆ ಸಿಕ್ಕಿದ್ದಕ್ಕೆ ಸ್ವಿಸ್ ಪ್ರಜೆಯೊಬ್ಬನಿಗೆ ದುಬಾಯಿಯಲ್ಲಿ 4 ವರ್ಷ ಸಜೆಯಾಯಿತೆಂದು. ಅಲ್ಲಿ 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾನೂನು ಮೊದಲ ಸಲ ಸಿಕ್ಕಿಬಿದ್ದವರ ವಿಷಯದಲ್ಲಿ ಒಂದಿಷ್ಟು ಮೃದುವಾಗಿದೆ. ಗಸಗಸೆ ಮಾತ್ರ ನಿಷಿದ್ಧವಾಗಿಯೇ ಉಳಿದಿದೆ. ಈಗ ಒಮ್ಮೆ ನಮ್ಮ ಅಡುಗೆ ಮನೆಯನ್ನು ನೋಡಿ. ಕೆಲವು ಮನೆಗಳಲ್ಲಿ ನೆವ್ರಿಯ ಹೂರಣಕ್ಕೆ ಎಳ್ಳಿನೊಂದಿಗೆ ಗಸಗಸೆ ಬೀಳುತ್ತದೆ. ಕುರ್ಮಾ ಮಸಾಲೆಯನ್ನು ಅರೆದು ಒಣಗಿಸಿ ಕಳುಹಿಸುವವರಿದ್ದಾರೆ, ಅದರಲ್ಲಿಯೂ ಇರುತ್ತದೆ. ಪೊಟ್ಟಣ ಮಾಡಿ ಬೇರೆಯಾಗಿ ಇಟ್ಟರೆ ಮಾತ್ರ ಗಸಗಸೆ, ಹೂರಣದೊಳಗೆ ಹೋದರೆ ತಿಂಡಿ ಎಂಬ ಲೆಕ್ಕ ಕಸ್ಟಮ್ಸಿನಲ್ಲಿ ಇಲ್ಲ.

ಗಸಗಸೆಗಿಂತಲೂ ಹೆಚ್ಚು ಮನೆಗಳನ್ನು ಮುಟ್ಟುವ ವಿಷಯ ಮಾತ್ರೆಗಳದ್ದು. ಗಲ್ಫಿನಲ್ಲಿ ಡಾಕ್ಟರ ಫೀಸು ಹೆಚ್ಚು, ಊರಿನ ಡಾಕ್ಟರು ಗುರುತಿನವರು. ಹಾಗಾಗಿ ಮೂರು ತಿಂಗಳ ಮದ್ದು ಇಲ್ಲಿಂದ ಹೋಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಷಯ ಬೇರೆ. ಆದರೆ ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧಿ, ನಿದ್ದೆಗೆ ಅಥವಾ ಗಾಬರಿಗೆ ಕೊಡುವ ಅಲ್ಪ್ರಜೋಲಾಮ್, ಡಯಾಜಿಪಾಮ್, ಕ್ಲೋನಜಿಪಾಮ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಇವು ಅಲ್ಲಿ ನಿಯಂತ್ರಿತ ಔಷಧಿಗಳು. ನಮ್ಮಲ್ಲಿಯೂ ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತು ಕಾಯಿದೆಯೊಳಗೆ ಸೇರಿಸಲಾಯಿತು. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಇಂಥ ಮದ್ದನ್ನು ಸ್ವಂತಕ್ಕಾಗಿ ತರುವವರು ಅಲ್ಲಿಯ ಸರಕಾರದಿಂದ ಮೊದಲೇ ಆನ್‌ಲೈನ್ ಮೂಲಕ ಅನುಮತಿ ಪಡೆಯಬೇಕು. ಅದೂ ಡಾಕ್ಟರ ಚೀಟಿಯ ಸಮೇತ, ರೋಗಿಯ ಹೆಸರಿನಲ್ಲಿ. ನಮ್ಮ ಔಷಧಿ ಅಂಗಡಿಗಳಲ್ಲಿ ಪಟ್ಟಿಯನ್ನು ಕತ್ತರಿಸಿ ಆರೇ ಮಾತ್ರೆ ಕೊಡುವ ಪದ್ಧತಿ ಇದೆಯಲ್ಲ, ಹೆಸರಿರುವ ತುಂಡು ಅಂಗಡಿಯಲ್ಲಿಯೇ ಉಳಿದಿರುತ್ತದೆ. ಹೆಸರಿಲ್ಲದ ಆರು ಮಾತ್ರೆಗಳು ಪರದೇಶದ ಅಧಿಕಾರಿಯ ಕೈಯಲ್ಲಿ ಏನಾಗಿ ಕಾಣಬಹುದು, ಯೋಚಿಸಿ. ಊರಿನ ಡಾಕ್ಟರು ಮದ್ದಿನ ಮೂಲ ಹೆಸರನ್ನು ಬರೆದುಕೊಟ್ಟರೆ, ಅದನ್ನು ಮಗ ಅಲ್ಲಿಯ ಡಾಕ್ಟರಿಗೆ ತೋರಿಸಿ ಅಲ್ಲಿಯೇ ಖರೀದಿಸಲಿ. ನಾಲ್ಕು ಕಾಸು ಹೆಚ್ಚು ಬಿದ್ದರೂ ಸರಿ.

ಸಂಯುಕ್ತ ಅರಬ್ ಸಂಸ್ಥಾನದ ನಿಷೇಧದ ಪಟ್ಟಿಯನ್ನು ನಾವು ಓದಿ ನೋಡಿದೆವು. ಮಾದಕ ವಸ್ತು, ಖೋಟಾ ನೋಟು, ಜೂಜಿನ ಸಾಮಾನು, ಆನೆಯ ದಂತ ಇರುವುದು ಎಲ್ಲರೂ ಊಹಿಸಬಹುದಾದದ್ದು. ಅದರೊಂದಿಗೆ ವೀಳ್ಯದೆಲೆ ಸೇರಿದಂತೆ ಪಾನ್ ಸಾಮಗ್ರಿ ಇದೆ. ಎಲೆಯಡಿಕೆ ಮೆಲ್ಲುವ ಅಜ್ಜಿಯನ್ನು ಮಗಳ ಬಾಣಂತನಕ್ಕೆ ಕರೆಸಿಕೊಂಡವರು ಗಮನಿಸಬೇಕು. ಮೂರು ಪದರದ ನೈಲಾನ್ ಮೀನುಬಲೆಯೂ ಪಟ್ಟಿಯಲ್ಲಿದೆ! ಮಾಟ ಮಂತ್ರದ ವಸ್ತುಗಳು ಎಂಬ ಸಾಲೂ ಇದೆ. ತಾಯಿತ, ಮಂತ್ರಿಸಿದ ದಾರ ಇವುಗಳಿಂದ ತೊಂದರೆಗೆ ಸಿಕ್ಕುವುದು ಅನ್ಯಧರ್ಮೀಯರು ಮಾತ್ರ ಎಂದು ನಾವು ನಗಬೇಕಾಗಿಲ್ಲ. ಪುಣ್ಯಕ್ಷೇತ್ರದಿಂದ ತಂದ ಎಣ್ಣೆಯ ಶೀಷೆ, ಆಶೀರ್ವದಿಸಿದ ಉಪ್ಪಿನ ಪೊಟ್ಟಣ, ಹೆಸರಿಲ್ಲದ ಬಿಳಿಪುಡಿ, ಇವುಗಳಲ್ಲಿ ಯಾವುದು ಭಕ್ತಿಯದ್ದು ಯಾವುದು ಅಲ್ಲ ಎಂದು ಅಧಿಕಾರಿಗೆ ಗೊತ್ತಾಗುವುದು ಹೇಗೆ?

ಪ್ರಾರ್ಥನಾ ಪುಸ್ತಕಗಳ ಬಗ್ಗೆಯೂ ಎರಡು ಮಾತು. ಸೌದಿ ಅರೇಬಿಯದಲ್ಲಿ ಇಸ್ಲಾಮೇತರರ ಸಾರ್ವಜನಿಕ ಆರಾಧನೆಗೆ ಅವಕಾಶವಿಲ್ಲ. ಗಲ್ಫಿನ ಇತರ ದೇಶಗಳಲ್ಲಿ ನಮ್ಮ ಚರ್ಚುಗಳಿದ್ದರೂ ಮತ ಪ್ರಚಾರ ಅಪರಾಧವೇ. ಒಬ್ಬನ ಹೆಸರಿಗೆ ಒಂದು ಬೈಬಲ್, ಒಂದು ಜಪಸರ ಹೋಗುವುದು ಒಂದು ಮಾತು. ಒಂದೇ ಪೆಟ್ಟಿಗೆಯಲ್ಲಿ ಕೊಂಕಣಿ ಗೀತೆ ಪುಸ್ತಕದ ನಲವತ್ತು ಪ್ರತಿಗಳು, ಹಂಚಲಿಕ್ಕಿರುವ ಚಿತ್ರಗಳು ಹೋಗುವುದು ಬೇರೆಯೇ ಮಾತು. ಇದನ್ನು ತರಿಸುವವನು ಒಬ್ಬ ಸಾಮಾನ್ಯ ಎಲೆಕ್ಟ್ರಿಷಿಯನ್ ಆಗಿದ್ದರೆ ಅವನ ಉತ್ತರವನ್ನು ಯಾರು ಕೇಳುತ್ತಾರೆ? ಸಮುದಾಯದ ಅಗತ್ಯವಿದ್ದರೆ ಅಲ್ಲಿಯ ಚರ್ಚಿನ ಕಚೇರಿಯೇ ನಿಯಮದಂತೆ ತರಿಸಿಕೊಳ್ಳಲಿ.

ಕೇಕಿನ ಸಂಗತಿ ಚುಟುಕಾಗಿ: ರಮ್ಮಿನಲ್ಲಿ ನೆನೆಸಿದ ಹಣ್ಣಿನ ಪ್ಲಮ್ ಕೇಕನ್ನು, ಮನೆಯ ದ್ರಾಕ್ಷಾರಸವನ್ನು ಕುವೈಟಿಗೋ ಸೌದಿಗೋ ಪಾರ್ಸೆಲ್ ಮಾಡುವ ಯೋಚನೆಯನ್ನೇ ಬಿಡಿ. ಹಂದಿಯ ಉಪ್ಪಿನಕಾಯಿಯೂ ಹಾಗೆಯೇ.

ಇನ್ನು ಹಣದ ಲೆಕ್ಕ. 2003ರ ಜನವರಿಯಿಂದ ಗಲ್ಫ್ ಸಹಕಾರ ಮಂಡಳಿಯ 6 ದೇಶಗಳು ಹೊರಗಿನಿಂದ ಬರುವ ಹೆಚ್ಚಿನ ಸಾಮಾನುಗಳಿಗೆ ಒಂದೇ ತೆರನಾಗಿ ಶೇಕಡಾ 5ರ ಸುಂಕ ಹಾಕುತ್ತಿವೆ. ಅದರ ಮೇಲೆ ಮೌಲ್ಯವರ್ಧಿತ ತೆರಿಗೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2018ರಿಂದ ಶೇ. 5, ಒಮಾನಿನಲ್ಲಿ 2021ರಿಂದ ಶೇ. 5, ಬಹರೈನಿನಲ್ಲಿ 2022ರಿಂದ ಶೇ. 10, ಸೌದಿಯಲ್ಲಿ 2020ರ ಜುಲೈಯಿಂದ ಶೇ. 15. ಸಣ್ಣ ಪಾರ್ಸೆಲುಗಳಿಗೆ ಸುಂಕದ ವಿನಾಯಿತಿ ಇದೆ, ಆದರೆ ಅದರ ಮಿತಿ ಕುಗ್ಗುತ್ತಿದೆ. ದುಬಾಯಿಯಲ್ಲಿ ಹಿಂದೆ 1,000 ದಿರ್ಹಮಿನವರೆಗೆ ಇದ್ದ ವಿನಾಯಿತಿಯನ್ನು 2023ರಲ್ಲಿ 300 ದಿರ್ಹಮಿಗೆ ಇಳಿಸಲಾಯಿತು. ನಮ್ಮ ಲೆಕ್ಕದಲ್ಲಿ ಅದು ಏಳು ಸಾವಿರ ರೂಪಾಯಿಯ ಆಸುಪಾಸು. ಒಂದು ಸೀರೆ, ಎರಡು ಚೂಡಿದಾರ ಇಟ್ಟರೆ ಅದನ್ನು ದಾಟಿಬಿಡುತ್ತದೆ.

ಸುಂಕ ಹಾಕುವುದು ಸಾಮಾನಿನ ಬೆಲೆಗೆ ಮಾತ್ರವೆಂದು ನಮ್ಮವರ ಭಾವನೆ. ಹಾಗಲ್ಲ, ಸಾಗಾಟದ ಖರ್ಚು, ವಿಮೆ ಕೂಡಿಸಿದ ಮೊತ್ತಕ್ಕೆ ಹಾಕುತ್ತಾರೆ. 600 ದಿರ್ಹಮಿನ ಬಟ್ಟೆ, ಕೊರಿಯರ್ ಖರ್ಚು 100 ಎಂದಿಟ್ಟುಕೊಳ್ಳಿ. 700ರ ಮೇಲೆ ಶೇ. 5 ಸುಂಕ 35 ದಿರ್ಹಮ್. ಆ 35ನ್ನೂ ಕೂಡಿಸಿ 735ರ ಮೇಲೆ ಶೇ. 5 ತೆರಿಗೆ 36.75. ಒಟ್ಟು 71.75 ದಿರ್ಹಮ್. ಇದರ ಮೇಲೆ ಕೊರಿಯರ್ ಕಂಪೆನಿ ಕಾಗದಪತ್ರ ಮಾಡಿಸಿದ್ದಕ್ಕೆ ತನ್ನ ಶುಲ್ಕ ಸೇರಿಸುತ್ತದೆ. ಇಲ್ಲಿ ಹಣ ಕಟ್ಟಿ ಕಳುಹಿಸಿದ ಅಕ್ಕನಿಗೆ, ಅಲ್ಲಿ ಹಣ ಕಟ್ಟಿ ಬಿಡಿಸಿಕೊಂಡ ತಮ್ಮನ ಖರ್ಚು ಗೊತ್ತೇ ಇರುವುದಿಲ್ಲ. ಸಂಕೋಚದಿಂದ ಅವನು ಹೇಳುವುದೂ ಇಲ್ಲ.

ಪಶ್ಚಿಮದ ದೇಶಗಳಲ್ಲಿ ಈ ವಿನಾಯಿತಿಯ ಕತೆ 2025ರಲ್ಲಿ ಸಂಪೂರ್ಣ ತಿರುವು ಪಡೆಯಿತು. ಅಮೆರಿಕ 2016ರಲ್ಲಿ ಸುಂಕವಿಲ್ಲದ ಪಾರ್ಸೆಲಿನ ಮಿತಿಯನ್ನು 200 ಡಾಲರಿನಿಂದ 800 ಡಾಲರಿಗೆ ಏರಿಸಿತ್ತು. ಆ ಬಾಗಿಲಿನಿಂದ ಒಳನುಗ್ಗಿದ್ದು ಅಜ್ಜಿಯರ ಕುಸ್ವಾರ್ ಅಲ್ಲ. ಚೀನಾದ ಆನ್‌ಲೈನ್ ಅಂಗಡಿಗಳ ಅಗ್ಗದ ಬಟ್ಟೆ, ಆಟಿಕೆ. 2024ರ ಆರ್ಥಿಕ ವರ್ಷದಲ್ಲಿ ಹೀಗೆ ಸುಂಕವಿಲ್ಲದೆ ಅಮೆರಿಕ ಸೇರಿದ ಪೊಟ್ಟಣಗಳು 136 ಕೋಟಿ! ಅಲ್ಲಿಯ ಸರಕಾರ 2025ರ ಮೇ ತಿಂಗಳಿನಲ್ಲಿ ಮೊದಲು ಚೀನಾಕ್ಕೆ, ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಈ ಬಾಗಿಲನ್ನು ಮುಚ್ಚಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಸುಂಕವನ್ನು ಯಾರು ಸಂಗ್ರಹಿಸಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ಪ್ರಪಂಚದ 88 ಅಂಚೆ ಸಂಸ್ಥೆಗಳು ಅಮೆರಿಕದ ಪಾರ್ಸೆಲುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದವು ಎಂದು ವಿಶ್ವ ಅಂಚೆ ಒಕ್ಕೂಟ ತಿಳಿಸಿತು. ನಮ್ಮ ಅಂಚೆ ಇಲಾಖೆಯೂ ಆಗಸ್ಟ್ 25ರಿಂದ ಹೆಚ್ಚಿನ ಪಾರ್ಸೆಲುಗಳನ್ನು, ಬಳಿಕ ಎಲ್ಲವನ್ನೂ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ಆಗ ಬಂದ ಹೊಸ ಪದ್ಧತಿಯೆಂದರೆ, ಸುಂಕವನ್ನು ಕಳುಹಿಸುವವರಿಂದಲೇ ಇಲ್ಲಿಯ ಕೌಂಟರಿನಲ್ಲಿ ಮುಂಗಡವಾಗಿ ವಸೂಲು ಮಾಡುವುದು. ಆ ದಿನಗಳಲ್ಲಿ ಭಾರತದ ಸಾಮಾನಿಗೆ ಅದು ಘೋಷಿತ ಬೆಲೆಯ ಶೇ. 50ರಷ್ಟಿತ್ತು. ದರ ಅಲ್ಲಿಂದೀಚೆಗೆ ನಿಂತಲ್ಲಿ ನಿಂತಿಲ್ಲ. ಕಳುಹಿಸುವ ದಿನ ಕೌಂಟರಿನಲ್ಲಿ ಕೇಳಿಯೇ ಹಣ ಎಣಿಸಿ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳುಹಿಸುವ 100 ಡಾಲರಿನೊಳಗಿನ ನಿಜವಾದ ಉಡುಗೊರೆಗೆ ಮಾತ್ರ 2025ರ ಆ ಆದೇಶ ವಿನಾಯಿತಿಯನ್ನು ಉಳಿಸಿತ್ತು.

ಯುರೋಪು ಕೂಡ ಅದೇ ದಾರಿಯಲ್ಲಿದೆ. 22 ಯೂರೋವರೆಗಿನ ಖರೀದಿಗೆ ಇದ್ದ ತೆರಿಗೆ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು. 150 ಯೂರೋವರೆಗಿನ ಸಾಮಾನಿಗಿದ್ದ ಸುಂಕ ವಿನಾಯಿತಿಯನ್ನು ತೆಗೆದು, 2026ರ ಜುಲೈಯಿಂದ ಸಾಮಾನಿಗೆ 3 ಯೂರೋದಂತೆ ಸುಂಕ ಹಾಕುವುದೆಂದು 2025ರ ಡಿಸೆಂಬರಿನಲ್ಲಿ ಸದಸ್ಯ ದೇಶಗಳು ಒಪ್ಪಿಕೊಂಡವು. ಖಾಸಗಿ ಉಡುಗೊರೆಗೆ ಯುರೋಪಿನಲ್ಲಿ 45 ಯೂರೋ, ಬ್ರಿಟನಿನಲ್ಲಿ 39 ಪೌಂಡ್, ಕೆನಡಾದಲ್ಲಿ 60 ಕೆನಡಾ ಡಾಲರ್ ಎಂಬ ಬೇರೆ ಮಿತಿಗಳಿವೆ. ಆದರೆ ಉಡುಗೊರೆ ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಬರೆದ ಮಾತ್ರಕ್ಕೆ ಯಾವ ದೇಶವೂ ನಂಬುವುದಿಲ್ಲ. ಚೀನಾದ ಅಂಗಡಿಗಳೂ ಅದನ್ನೇ ಬರೆದು ಬರೆದು ಆ ಪದದ ಬೆಲೆಯನ್ನು ಕಳೆದಿವೆ.

ಗಲ್ಫಿನಲ್ಲಿ ಕಣ್ಣು ಮಾದಕ ವಸ್ತುಗಳ ಮೇಲಾದರೆ, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಕಣ್ಣು ಹುಳುಗಳ ಮೇಲೆ. ಧಾನ್ಯದ ದಾಸ್ತಾನನ್ನು ಹಾಳುಮಾಡುವ ಖಪ್ರಾ ಎಂಬ ಸಣ್ಣ ಹುಳು ನಮ್ಮ ಉಪಖಂಡದ್ದು. ಅದಕ್ಕೆ ಹೆದರಿ ಆಸ್ಟ್ರೇಲಿಯ 2020ರ ಅಕ್ಟೋಬರಿನಿಂದ ಅಂಚೆಯಲ್ಲಿಯೂ ಪ್ರಯಾಣಿಕರ ಚೀಲದಲ್ಲಿಯೂ ಅಕ್ಕಿ, ಬೇಳೆಕಾಳು, ಇಡೀ ಕೊತ್ತಂಬರಿ, ಜೀರಿಗೆ, ಒಣಮೆಣಸುಗಳನ್ನು ತರುವುದನ್ನು ನಿಷೇಧಿಸಿದೆ. ಬ್ಯಾಡಗಿ ಮೆಣಸಿಲ್ಲದೆ ಸಾರು ಕೆಂಪಾಗುವುದಿಲ್ಲವೆಂದು ಮಗಳಿಗೆ ಎರಡು ಕಿಲೋ ಕಳುಹಿಸಿದರೆ ಅದು ಕಸಕ್ಕೆ ಹೋಗುತ್ತದೆ. ಅಮೆರಿಕವೂ ಈ ಹುಳು ಇರುವ ದೇಶಗಳಿಂದ ವೈಯಕ್ತಿಕವಾಗಿ ಅಕ್ಕಿ ತರುವುದನ್ನು ಬಿಡುವುದಿಲ್ಲ, ನಮ್ಮ ದೇಶ ಆ ಪಟ್ಟಿಯಲ್ಲಿದೆ. ಮಾಂಸದ ಪದಾರ್ಥಗಳಿಗೆ ಈ ಎರಡೂ ದೇಶಗಳಲ್ಲಿ ಭಾರೀ ಕಟ್ಟುನಿಟ್ಟು. ಯುರೋಪಿನ ದೇಶಗಳು ಮಾಂಸವನ್ನಷ್ಟೇ ಅಲ್ಲ, ಹಾಲಿನ ಪದಾರ್ಥಗಳನ್ನೂ ತಡೆಯುತ್ತವೆ. ಒಂದು ಸಮಾಧಾನದ ಸಂಗತಿಯೂ ಇದೆ. ಅಮೆರಿಕಕ್ಕೆ ಹೋಗುವ ಆಹಾರ ಪದಾರ್ಥಗಳ ಬಗ್ಗೆ ಮೊದಲೇ ಅಲ್ಲಿಯ ಆಹಾರ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆಯಷ್ಟೆ. ತನ್ನ ಮನೆಯಲ್ಲಿ ತಾನೇ ಮಾಡಿದ ತಿಂಡಿಯನ್ನು ತಾನೇ ಉಡುಗೊರೆಯಾಗಿ ಕಳುಹಿಸುವವರಿಗೆ ಆ ನಿಯಮದಿಂದ ಬಿಡುಗಡೆಯಿದೆ. ಬೇಕರಿಯಿಂದ ಕೊಂಡು ಕಳುಹಿಸುವವರಿಗೆ ಇಲ್ಲ!

ಹಾಗಾದರೆ ಮೊಂತಿ ಹಬ್ಬದ ತೆನೆ? ಇದನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ನಾಲ್ಕು ಕಾಳು ಹೊಸ ಅಕ್ಕಿಯನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುವ ಆ ಊಟದಲ್ಲಿ ದೂರವಿರುವ ಮಗನಿಗೂ ಪಾಲಿರಲಿ ಎಂಬ ಆಸೆ ಎಂಥದ್ದೆಂದು ನಮಗೆ ಗೊತ್ತಿದೆ. ಆದರೆ ಕ್ವಾರಂಟೈನ್ ಅಧಿಕಾರಿಯ ಲೆಕ್ಕದಲ್ಲಿ ಅದು ಸಿಪ್ಪೆಯಿರುವ ಭತ್ತದ ಬೀಜ. ಲಕೋಟೆಯಲ್ಲಿ ಹೋಯಿತು, ಯಾರೂ ನೋಡಲಿಲ್ಲ ಎನ್ನುವವರಿದ್ದಾರೆ. ನೋಡಿದ ದಿನ ದಂಡದ ನೋಟೀಸು ಬರುವುದು ಲಕೋಟೆಯ ಮೇಲೆ ಹೆಸರಿದ್ದವರಿಗೆ. ಆಸ್ಟ್ರೇಲಿಯದಲ್ಲಿ, ಅಮೆರಿಕದಲ್ಲಿ ಇರುವ ನಮ್ಮವರು ಅಲ್ಲಿ ಸಿಗುವ ಅಕ್ಕಿಯನ್ನೇ ಅಲ್ಲಿಯ ಗುರುಗಳಿಂದ ಆಶೀರ್ವದಿಸಿಕೊಂಡರೆ ಹಬ್ಬಕ್ಕೆ ಏನೂ ಕೊರತೆಯಾಗದೆಂದು ನಮ್ಮ ಅನಿಸಿಕೆ.

ಪಾರ್ಸೆಲಿನ ಮೇಲೆ ಅಂಟಿಸುವ ಕಸ್ಟಮ್ಸ್ ಘೋಷಣಾ ಪತ್ರವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಣ್ಣದಕ್ಕೆ ಸಿ.ಎನ್. 22, ದೊಡ್ಡದಕ್ಕೆ ಸಿ.ಎನ್. 23 ಎಂದು ಅದಕ್ಕೆ ಹೆಸರು. ಕೌಂಟರಿನಲ್ಲಿ ನಿಂತು ಅವಸರದಲ್ಲಿ “ತಿಂಡಿ ಮತ್ತು ಬಟ್ಟೆ, ಉಡುಗೊರೆ, 500 ರೂಪಾಯಿ” ಎಂದು ಬರೆದು ಸಹಿ ಹಾಕುತ್ತೇವೆ. ಒಳಗೆ ಆರು ಸಾವಿರದ ಸೀರೆ ಇರುತ್ತದೆ. ಆ ಕಾಗದ ಬರೇ ಚೀಟಿಯಲ್ಲ, ಅದು ಹೇಳಿಕೆ. ಈಗ ಅದರ ವಿವರಗಳು ಪಾರ್ಸೆಲ್ ವಿಮಾನ ಹತ್ತುವ ಮೊದಲೇ ಕಂಪ್ಯೂಟರಿನಲ್ಲಿ ಆಚೆ ದೇಶವನ್ನು ತಲುಪಿರುತ್ತವೆ. ಎಕ್ಸ್‌ರೇಯಲ್ಲಿ ಕಂಡದ್ದಕ್ಕೂ ಬರೆದದ್ದಕ್ಕೂ ಹೊಂದಾಣಿಕೆಯಾಗದಿದ್ದರೆ ಪೆಟ್ಟಿಗೆ ಬದಿಗೆ ಸರಿಯುತ್ತದೆ. ಅಧಿಕಾರಿ ಬಿಲ್ಲು ಕೇಳಿದಾಗ ಪಡೆದವನು ತಬ್ಬಿಬ್ಬಾಗುತ್ತಾನೆ. ಪೆಟ್ಟಿಗೆ ಕಳೆದುಹೋದರೂ 500 ರೂಪಾಯಿಯ ಪರಿಹಾರವನ್ನಷ್ಟೇ ಕೇಳಬಹುದು. ಮನೆಯಲ್ಲಿ ಮಾಡಿದ ತಿಂಡಿಗೆ ಬಿಲ್ಲು ಎಲ್ಲಿಂದ ತರುವುದೆಂದು ಕೇಳಬಹುದು. ಸಾಮಾನಿಗೆ ಎಷ್ಟು ಬಿತ್ತೋ ಅಷ್ಟು ಬರೆಯಿರಿ. “ಮನೆಯಲ್ಲಿ ಮಾಡಿದ ಅಕ್ಕಿಹಿಟ್ಟಿನ ಸಿಹಿತಿಂಡಿ, ಒಂದೂವರೆ ಕಿಲೋ, ಹತ್ತಿಯ ಮಗುವಿನ ಅಂಗಿ, 2” ಎಂದು ಒಂದೊಂದನ್ನೇ ಇಂಗ್ಲಿಷಿನಲ್ಲಿ ಬರೆಯಲು ಐದು ನಿಮಿಷ ಸಾಕು. ಪುಡಿಗಳ ಪೊಟ್ಟಣದ ಮೇಲೆಯೂ ಹೆಸರಿರಲಿ. ಸಾಧ್ಯವಿದ್ದರೆ ಅಂಗಡಿಯ ಮುಚ್ಚಿದ ಪ್ಯಾಕೆಟನ್ನೇ ಕಳುಹಿಸಿ.

ಅಂಚೆಯೂ ಬೇಡ ಕೊರಿಯರೂ ಬೇಡ, ಹೋಗುವವರ ಕೈಯಲ್ಲಿ ಕೊಡೋಣ ಎಂಬುದು ನಮ್ಮ ಹಳೆಯ ಪದ್ಧತಿ. ಊರಿನಿಂದ ಯಾರಾದರೂ ವಿಮಾನ ಹತ್ತುತ್ತಾರೆಂದು ಗೊತ್ತಾದರೆ ಹಿಂದಿನ ರಾತ್ರಿ ಅವರ ಅಂಗಳದಲ್ಲಿ ನಾಲ್ಕು ಪೊಟ್ಟಣಗಳು ಬಂದು ಕುಳಿತಿರುತ್ತವೆ. ರಜೆಗೆ ಬಂದ ಗುರುಗಳನ್ನೂ ನಾವು ಬಿಡುವುದಿಲ್ಲ! ಇಲ್ಲಿ ಪಾರ್ಸೆಲ್ ಹೊತ್ತವನೇ ಉತ್ತರ ಕೊಡಬೇಕಾದವನು. 2019ರ ಜುಲೈಯಲ್ಲಿ ದೋಹಾ ವಿಮಾನ ನಿಲ್ದಾಣದಲ್ಲಿ ಮುಂಬಯಿಯ ದಂಪತಿಯ ಚೀಲದಲ್ಲಿ 4 ಕಿಲೋಗೂ ಹೆಚ್ಚು ಚರಸ್ ಸಿಕ್ಕಿತು. ಸಂಬಂಧಿಕರೇ ಕೊಟ್ಟ ಪೊಟ್ಟಣವದು. ಒಳಗೇನಿದೆಯೆಂದು ಅವರಿಗೆ ತಿಳಿದಿರಲಿಲ್ಲ. 10 ವರ್ಷಗಳ ಸಜೆಯಾಯಿತು. ಪತ್ನಿ ಗರ್ಭಿಣಿಯಾಗಿದ್ದರು, ಮಗು ಹುಟ್ಟಿದ್ದು ಸೆರೆಮನೆಯಲ್ಲಿ. ನಿರಪರಾಧಿಗಳೆಂದು ಸಾಬೀತಾಗಿ ಅವರು ಊರಿಗೆ ಮರಳಿದ್ದು 2021ರ ಏಪ್ರಿಲಿನಲ್ಲಿ. 2023ರಲ್ಲಿ ಮುಂಬಯಿಯ ನಟಿಯೊಬ್ಬರು ಶಾರ್ಜಾದಲ್ಲಿ ಬಂಧನಕ್ಕೊಳಗಾದದ್ದು ಯಾರೋ ಕೊಟ್ಟ ಟ್ರೋಫಿಯೊಳಗೆ ಮಾದಕ ವಸ್ತು ಅಡಗಿಸಿಟ್ಟಿದ್ದರಿಂದ. ಅವರೂ ನಿರಪರಾಧಿಯೇ. ಹೋಗುವವರು “ಬಿಚ್ಚಿ ನೋಡುತ್ತೇನೆ” ಎಂದರೆ ಕೊಡುವವರು ಮುಖ ಊದಿಸಿಕೊಳ್ಳಬಾರದು. ನಮ್ಮ ಕೇರಿಯಲ್ಲಿ ಈಗಲೂ ಊದಿಸಿಕೊಳ್ಳುತ್ತಾರೆ.

ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. “ನಿಮ್ಮ ಪಾರ್ಸೆಲ್ ಕಸ್ಟಮ್ಸಿನಲ್ಲಿ ನಿಂತಿದೆ, ಈ ಕೊಂಡಿಯನ್ನು ಒತ್ತಿ 3 ದಿರ್ಹಮ್ ಕಟ್ಟಿ” ಎಂಬ ಸಂದೇಶ ನಂಬಿ ಕಾರ್ಡಿನ ಸಂಖ್ಯೆ ಕೊಟ್ಟರೆ ಖಾತೆಯೇ ಖಾಲಿ. ಇಲ್ಲಿ ಹಿರಿಯರಿಗೆ ಬರುವ ಕರೆ ಇನ್ನೊಂದು ತೆರನಾದದ್ದು: ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ವೀಡಿಯೊ ಎದುರಿನಿಂದ ಏಳಬೇಡಿ, ನೀವು ಡಿಜಿಟಲ್ ಬಂಧನದಲ್ಲಿದ್ದೀರಿ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯಲ್ಲಿ ಹೇಳಬೇಕಾಯಿತು. ಮಕ್ಕಳು ಪರದೇಶದಲ್ಲಿದ್ದು, ನಿಜವಾಗಿಯೂ ಪಾರ್ಸೆಲ್ ಕಳುಹಿಸಿದ ವೃದ್ಧ ದಂಪತಿಗೆ ಈ ಕರೆ ಬಂದರೆ ಅವರು ನಂಬದೆ ಇರುವುದು ಕಷ್ಟ. ಫೋನು ಇಟ್ಟುಬಿಟ್ಟು ಪಕ್ಕದ ಮನೆಯವರನ್ನು ಕರೆಯಿರಿ.

ಒಂದು ವೇಳೆ ಅಲ್ಲಿ ನಿಜವಾಗಿಯೂ ಕರೆ ಬಂದರೆ? ಹೋಗದೆ ಅಡಗಿ ಕುಳಿತುಕೊಳ್ಳುವುದು ಬೇಡ. ಪಾರ್ಸೆಲ್ ತನ್ನದಲ್ಲವೆಂದು ಸುಳ್ಳು ಹೇಳುವುದೂ ಬೇಡ. ಕಂಪೆನಿಯ ಪಿ.ಆರ್.ಓ. ಅಥವಾ ಅರಬ್ಬಿ ಬಲ್ಲವರನ್ನು ಜೊತೆಗೆ ಕರೆದೊಯ್ಯಲಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮೊದಲು ಭಾಷಾಂತರ ಕೇಳಲಿ. ಬಂಧಿಸಿದರೆ ತನ್ನ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಪ್ರತಿಯೊಬ್ಬ ಪರದೇಶಿಗೂ ಇದೆ. ಇತ್ತ ಮನೆಯವರು ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ಪಾರ್ಸೆಲಿನ ರಸೀದಿ, ಘೋಷಣಾ ಪತ್ರದ ಪ್ರತಿ, ಡಾಕ್ಟರ ಚೀಟಿ ಇವನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅಂದು ಕೆಲಸಕ್ಕೆ ಬರುತ್ತವೆ.

ನಮ್ಮ ಧರ್ಮಕೇಂದ್ರಗಳಲ್ಲಿ ಗುರಿಕಾರರು ಯಾವ ಮನೆಯವರು ಯಾವ ದೇಶದಲ್ಲಿದ್ದಾರೆಂದು ಬಲ್ಲವರು. ನವೆಂಬರ್ ತಿಂಗಳ ವಾರ್ಡ್ ಕೂಟದಲ್ಲಿ ಕಾಲು ಗಂಟೆ ಇದಕ್ಕಾಗಿ ಮೀಸಲಿಡಬಹುದು. ರಜೆಗೆ ಬಂದ ಗಲ್ಫಿನವರೊಬ್ಬರು, ನರ್ಸೊಬ್ಬರು ಮಾತನಾಡಿದರೆ ಸಾಕು. ಎಲ್ಲ ದೇಶಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಪಟ್ಟಿ ಬದಲಾಗುತ್ತಲೇ ಇರುತ್ತದೆ, ನಾವು ಇಲ್ಲಿ ಬರೆದದ್ದೂ ಬದಲಾಗಬಹುದು. ಪೆಟ್ಟಿಗೆಗೆ ಟೇಪ್ ಸುತ್ತುವ ಮೊದಲು ಪಡೆಯುವವರಿಗೆ ಒಂದು ಫೋನು ಮಾಡುವುದು ಮಾತ್ರ ಬದಲಾಗದ ಕೆಲಸ.

ಗಸಗಸೆಯ ಆ ತಾಯಿ ಕಳೆದ ಕ್ರಿಸ್ಮಸಿಗೂ ಕುಸ್ವಾರ್ ಕಳುಹಿಸಿದರು. ಈ ಸಲ ಡಬ್ಬಗಳನ್ನೆಲ್ಲ ಮೇಜಿನ ಮೇಲಿಟ್ಟು, ಮಗನಿಗೆ ವೀಡಿಯೊ ಕರೆ ಮಾಡಿ, ಒಂದೊಂದನ್ನೇ ಎತ್ತಿ ತೋರಿಸಿದರಂತೆ. ಮಗ ಮಾತ್ರೆಯ ಪಟ್ಟಿಯನ್ನೂ ಹೆಸರಿಲ್ಲದ ಮಸಾಲೆ ಪುಡಿಯನ್ನೂ ಹೊರಗೆ ತೆಗೆಸಿದ. ನೆವ್ರಿಯ ಹೂರಣಕ್ಕೆ ಎಳ್ಳು, ತೆಂಗಿನಕಾಯಿ ಮಾತ್ರ. ಪಾರ್ಸೆಲ್ ಒಂಬತ್ತು ದಿನಗಳಲ್ಲಿ ತಲುಪಿತು. ಚಕ್ಕುಲಿ ಅರ್ಧಕ್ಕರ್ಧ ಪುಡಿಯಾಗಿತ್ತು.